ವಿಮೆ ಲೀಡ್‌ಗೆ ಟೆಲಿಕಾಲರ್ ಇಟ್ಟುಕೊಂಡರೆ ಗಿಟ್ಟುತ್ತದಾ? ಏಜೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್‌ಐಸಿ ಏಜೆಂಟರು, ಆರೋಗ್ಯ ವಿಮೆ ಮಾರುವವರು, ಎರಡು ಮೂರು ಜನರ ಸಣ್ಣ ಆಫೀಸ್ ಇಟ್ಟುಕೊಂಡವರು, ಎಲ್ಲರೂ ಒಂದಲ್ಲ ಒಂದು ದಿನ ಈ ಯೋಚನೆಗೆ ಬರುತ್ತಾರೆ: "ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕಾಲ್ ಮಾಡಲು ಕೂರಿಸಿದರೆ ಲೀಡ್ ಬರುತ್ತದಲ್ಲ?" ಲೀಡ್, ಅಂದರೆ ಪಾಲಿಸಿ ಬಗ್ಗೆ ಮಾತಾಡಲು ಒಪ್ಪಿದ ಜನ, ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಎಷ್ಟಕ್ಕೆ ಬರುತ್ತದೆ ಅನ್ನೋದನ್ನು ಮಾತ್ರ ಕೆಲವರೇ ಲೆಕ್ಕ ಹಾಕುತ್ತಾರೆ. ಕೆಳಗಿನ ಉತ್ತರಗಳಲ್ಲಿ ಬರುವ ಸಂಬಳ, ಕಾಲ್ ಸಂಖ್ಯೆ ಎಲ್ಲ ಲೆಕ್ಕ ತೋರಿಸಲು ಹಿಡಿದ ಅಂದಾಜು. ಅಲ್ಲಿ ನಿಮ್ಮ ಊರಿನ, ನಿಮ್ಮ ಆಫೀಸಿನ ಅಂಕಿ ಹಾಕಿ ನೋಡಿಕೊಳ್ಳಿ.

ಒಬ್ಬ ಟೆಲಿಕಾಲರ್‌ಗೆ ತಿಂಗಳಿಗೆ ಎಷ್ಟು ಖರ್ಚು ಬರುತ್ತದೆ?

ಸಂಬಳಕ್ಕಿಂತ ಜಾಸ್ತಿಯೇ. ಸಂಬಳ 16,000 ರೂಪಾಯಿ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಇನ್ನೂ ಹೆಚ್ಚು ಕೊಡಬೇಕಾಗಬಹುದು, ಸಣ್ಣ ಊರಲ್ಲಿ ಕಡಿಮೆಗೂ ಸಿಗಬಹುದು. ಇನ್ಸೆಂಟಿವ್ 2,000. ಫೋನ್ ಲೈನ್, ಕಾಲ್ ರೆಕಾರ್ಡಿಂಗ್, ಯಾರಿಗೆ ಯಾವಾಗ ಮಾತಾಡಿದ್ದು ಎಂದು ಬರೆದಿಡುವ ಸಾಫ್ಟ್‌ವೇರ್ ಸೇರಿ 2,000. ಕೂರುವ ಜಾಗ, ಕರೆಂಟ್, ಇಂಟರ್ನೆಟ್, ಕಾಫಿಗೆ 3,000. ಹೊಸಬರನ್ನು ಹುಡುಕಿ ಕಲಿಸುವ ಖರ್ಚು, ರಜೆ ಹಾಕಿದ ದಿನಗಳ ಖರ್ಚು ಎರಡನ್ನೂ ತಿಂಗಳಿಗೆ ಹಂಚಿದರೆ 2,500. ಒಟ್ಟು 25,500 ಆಯಿತು.

ಹತ್ತು ಜನರಿಗಿಂತ ಕಡಿಮೆ ಇರುವ ಆಫೀಸ್ ಆದ್ದರಿಂದ ಇಲ್ಲಿ ಇಎಸ್‌ಐ (ನೌಕರರ ಆರೋಗ್ಯ ವಿಮೆಗೆ ಮಾಲೀಕ ಕಟ್ಟುವ ಪಾಲು) ಹಿಡಿದಿಲ್ಲ. ಜನ ಹತ್ತು ಮುಟ್ಟಿದರೆ, 21,000ದವರೆಗೆ ಸಂಬಳ ಇರುವವರಿಗೆ ಅದೂ ಸೇರುತ್ತದೆ. ಇಪ್ಪತ್ತು ಮುಟ್ಟಿದರೆ ಪಿಎಫ್ ಬರುತ್ತದೆ.

ನಿಮ್ಮ ಸಮಯದ ಬೆಲೆಯನ್ನೂ ನಾನು ಇದಕ್ಕೆ ಸೇರಿಸಿಲ್ಲ. ಟೆಲಿಕಾಲರ್ ಇಟ್ಟುಕೊಂಡ ಮೇಲೆ ಬೆಳಿಗ್ಗೆ ಲಿಸ್ಟ್ ಕೊಡಬೇಕು, ಸಂಜೆ ರೆಕಾರ್ಡಿಂಗ್ ಕೇಳಬೇಕು, ಸ್ಕ್ರಿಪ್ಟ್ ತಿದ್ದಬೇಕು. ದಿನಕ್ಕೆ ಒಂದು ಗಂಟೆ ಅಂದರೂ ತಿಂಗಳಿಗೆ ಮೂರು ಪೂರ್ತಿ ಕೆಲಸದ ದಿನ ಹೋದಂತೆ. ಆ ಮೂರು ದಿನ ನೀವೇ ಮನೆ ಮನೆಗೆ ಹೋಗಿದ್ದರೆ ಏನು ಸಿಗುತ್ತಿತ್ತು ಅನ್ನೋದು ನಿಮಗೇ ಗೊತ್ತು.

ಸರಿ, ಒಂದು ಲೀಡ್‌ಗೆ ಎಷ್ಟು ಬೀಳುತ್ತದೆ?

ತಿಂಗಳಿಗೆ 24 ಕೆಲಸದ ದಿನ, ದಿನಕ್ಕೆ 100 ಕಾಲ್. ಅಂದರೆ 2,400 ಸಲ ನಂಬರ್ ಒತ್ತಿದಂತೆ. ಹತ್ತರಲ್ಲಿ ಮೂವರು ಎತ್ತಿದರು ಅನ್ನಿ, 720 ಜನ ಆಯಿತು. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 240 ಜನ, "ಬೇಡ" ಅಂತ ಇಡದೆ ಒಂದು ನಿಮಿಷವಾದರೂ ಕೇಳಿದರು. ಅವರಲ್ಲಿ ಹತ್ತಕ್ಕೆ ಒಬ್ಬರು "ಆಯ್ತು, ನಿಮ್ಮ ಸರ್ ಬಂದು ಮಾತಾಡಲಿ" ಅಂದರೆ ಸಿಕ್ಕಿದ್ದು 24 ಲೀಡ್.

25,500ನ್ನು 24ರಿಂದ ಭಾಗಿಸಿ. ಲೀಡ್‌ಗೆ ಸುಮಾರು 1,060 ರೂಪಾಯಿ.

ಇಲ್ಲಿಗೇ ಲೆಕ್ಕ ನಿಲ್ಲಿಸುವವರು ಜಾಸ್ತಿ. ಆದರೆ 24 ಜನರಲ್ಲಿ ಎಷ್ಟು ಮಂದಿ ಹೇಳಿದ ಹೊತ್ತಿಗೆ ಮನೆಯಲ್ಲಿ ಇರುತ್ತಾರೆ? ಅರ್ಧ ಅಂದುಕೊಳ್ಳಿ. ಆ 12 ಜನರಲ್ಲಿ ಮೂವರು ಪ್ರಪೋಸಲ್ ಫಾರಂಗೆ ಸಹಿ ಹಾಕಿದರೂ ಒಳ್ಳೆಯ ತಿಂಗಳೇ. ಆಗ ಒಂದು ಪಾಲಿಸಿಗೆ ಬಿದ್ದ ಖರ್ಚು 8,500. ನೀವು ನೋಡಬೇಕಾದದ್ದು ಈ ಅಂಕಿಯನ್ನು. ಲೀಡ್ ಸಂಖ್ಯೆ ಎಷ್ಟೇ ಚೆನ್ನಾಗಿ ಕಂಡರೂ ಅದರಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ ಅಲ್ವಾ.

ಆ 8,500 ಮೊದಲ ವರ್ಷವೇ ವಾಪಸ್ ಬರುತ್ತದಾ?

ಏನು ಮಾರುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ.

ಆರೋಗ್ಯ ವಿಮೆ ತೆಗೆದುಕೊಳ್ಳಿ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ವರ್ಷದ ಪ್ರೀಮಿಯಂ 20,000, ನಿಮ್ಮ ಕಮಿಷನ್ 15% ಅಂದರೆ 3,000. ಮೊದಲ ವರ್ಷ ಪಾಲಿಸಿಗೆ 5,500 ನಷ್ಟ. ಅವರು ಪ್ರತಿ ವರ್ಷ ರಿನ್ಯೂ ಮಾಡಿಸುತ್ತಾ ಹೋದರೆ ಮೂರನೇ ವರ್ಷದಲ್ಲಿ ಹಾಕಿದ ದುಡ್ಡು ಕೈಗೆ ಬರುತ್ತದೆ. ನಡುವೆ ಒಬ್ಬರು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡು ಹೋದರೆ ಲೆಕ್ಕ ಮತ್ತೆ ಹಿಂದೆ.

ಜೀವ ವಿಮೆಯಲ್ಲಿ ಮೊದಲ ವರ್ಷದ ಕಮಿಷನ್ ದೊಡ್ಡದು. ಅದಕ್ಕೇ ಟೆಲಿಕಾಲರ್ ಕನಸು ಅಲ್ಲಿ ಜಾಸ್ತಿ. ಆದರೆ 2024ರ ಅಕ್ಟೋಬರ್‌ನಲ್ಲಿ ಸರೆಂಡರ್ ನಿಯಮ (ಪಾಲಿಸಿಯನ್ನು ನಡುವೆ ಬಿಟ್ಟರೆ ಎಷ್ಟು ವಾಪಸ್ ಅನ್ನೋದು) ಬದಲಾದಾಗ ಎಲ್‌ಐಸಿ ಮೊದಲ ವರ್ಷದ ಗರಿಷ್ಠ ಕಮಿಷನ್ ಅನ್ನು 35%ನಿಂದ 28%ಗೆ ಇಳಿಸಿ, ಮುಂದಿನ ಕಂತುಗಳದ್ದನ್ನು 5%ನಿಂದ 7.5%ಗೆ ಏರಿಸಿತು. 30,000 ವಾರ್ಷಿಕ ಕಂತಿನ ಪಾಲಿಸಿಗೆ 28% ಸಿಕ್ಕರೂ 8,400. ಹಾಕಿದ್ದು 8,500. ಅಂದರೆ ಮೊದಲ ವರ್ಷ ನೀವು ಪುಕ್ಕಟೆ ಕೆಲಸ ಮಾಡಿದ ಹಾಗೆ. ಲಾಭ ಏನಿದ್ದರೂ ಎರಡನೇ ಕಂತಿನಿಂದ, ಅದೂ ಗ್ರಾಹಕ ಕಟ್ಟಿದರೆ.

ಬೈಕ್ ಇನ್ಶೂರೆನ್ಸ್‌ಗಂತೂ ಟೆಲಿಕಾಲರ್ ಇಡುವ ಮಾತೇ ಬೇಡ. 75ರಿಂದ 150 ಸಿಸಿ ಬೈಕಿನ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿ ಆದಂತೆ 714 ರೂಪಾಯಿ. ಹಳೆಯ 2.5% ಲೆಕ್ಕದಲ್ಲಿ ಕಮಿಷನ್ ಹದಿನೆಂಟು ರೂಪಾಯಿಯೂ ಬರುವುದಿಲ್ಲ. ಕಾರು, ಅದೂ ಓನ್ ಡ್ಯಾಮೇಜ್ (ನಮ್ಮದೇ ಗಾಡಿಗೆ ಆದ ಹಾನಿ) ಇರುವ ಪ್ಯಾಕೇಜ್ ಪಾಲಿಸಿ ಆದರೆ ಪರವಾಗಿಲ್ಲ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ. ಗ್ರಾಹಕರಿಗೆ ಖುಷಿ. ಆದರೆ ಕಂಪನಿಗಳಿಗೆ ಇನ್‌ಪುಟ್ ಕ್ರೆಡಿಟ್ (ತಮ್ಮ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಹಿಡಿಯುವ ಸೌಲಭ್ಯ) ತಪ್ಪಿತು, ಅದರ ಹೊರೆಯನ್ನು ಕೆಲವು ಕಂಪನಿಗಳು ಕಮಿಷನ್ ಮೇಲೆ ಹಾಕಿದವು. ಆದ್ದರಿಂದ ಹಳೆಯ ಕಮಿಷನ್ ಚಾರ್ಟ್ ಇಟ್ಟುಕೊಂಡು ಈ ಲೆಕ್ಕ ಮಾಡಬೇಡಿ. ಕಳೆದ ತಿಂಗಳು ನಿಮ್ಮ ಖಾತೆಗೆ ನಿಜವಾಗಿ ಬಂದದ್ದನ್ನು ನೋಡಿ.

ಪಾಲಿಸಿ ಆದ ಮೇಲೆ ವಾಪಸ್ ಹೋದರೆ?

ಈಗ ಫ್ರೀ ಲುಕ್ ಅವಧಿ 30 ದಿನ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಗ್ರಾಹಕ "ಬೇಡ" ಅಂದರೆ ಕಂಪನಿ ಸಣ್ಣಪುಟ್ಟ ಖರ್ಚು ಹಿಡಿದುಕೊಂಡು ದುಡ್ಡು ವಾಪಸ್ ಕೊಡುತ್ತದೆ. ನಿಮ್ಮ ಕಮಿಷನ್ ಹೋಗುತ್ತದೆ. ಟೆಲಿಕಾಲರ್ ಸಂಬಳ ವಾಪಸ್ ಬರುವುದಿಲ್ಲ.

ಮೇಲಿನ ಮೂರು ಪಾಲಿಸಿಯಲ್ಲಿ ಒಂದು ಹೀಗೆ ಹೋಯಿತು ಅನ್ನಿ. ಉಳಿದ ಎರಡಕ್ಕೆ ತಲಾ 12,750 ಬಿತ್ತು. ಫೋನ್‌ನಲ್ಲಿ ಶುರುವಾದ ವ್ಯವಹಾರದಲ್ಲಿ ಈ ಅಪಾಯ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅತ್ತಿಗೆ ಮನೆಯ ಪರಿಚಯದಿಂದ ಬಂದ ಗ್ರಾಹಕ ಮುಲಾಜಿಗಾದರೂ ಒಂದು ಮಾತು ಕೇಳಿ ನಿರ್ಧಾರ ಮಾಡುತ್ತಾನೆ. ಫೋನ್ ಗ್ರಾಹಕನಿಗೆ ಆ ಮುಲಾಜು ಇಲ್ಲ, ಇರಬೇಕಾಗಿಯೂ ಇಲ್ಲ.

ನನ್ನ ಮೊಬೈಲ್ ಅಥವಾ ಒಂದು ಹೊಸ ಸಿಮ್‌ನಿಂದಲೇ ಕಾಲ್ ಮಾಡಿಸಿದರೆ ಆಗಲ್ವಾ?

ಆಗಲ್ಲ. ಇದನ್ನು ಸುಮ್ನೆ ಸಣ್ಣ ವಿಷಯ ಅಂದುಕೊಳ್ಳಬೇಡಿ.

ಪ್ರಚಾರದ ಕರೆಗಳಿಗೆ ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮಗಳಿವೆ, 2025ರ ಫೆಬ್ರವರಿಯಲ್ಲಿ ಅವು ಇನ್ನಷ್ಟು ಬಿಗಿಯಾದವು. ಮಾಮೂಲಿ 10 ಅಂಕಿಯ ನಂಬರ್‌ನಿಂದ ಸಾಲುಸಾಲಾಗಿ ಮಾರಾಟದ ಕರೆ ಮಾಡುವ ಹಾಗಿಲ್ಲ. ಟೆಲಿಕಾಂ ಕಂಪನಿಯ ಡಿಎಲ್‌ಟಿ (ಪ್ರಚಾರದ ಕರೆ, ಮೆಸೇಜ್ ಮಾಡುವವರ ದಾಖಲೆ ಇಡುವ) ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರ್ ಬಳಸಬೇಕು. ಬ್ಯಾಂಕು, ವಿಮೆ ಕಂಪನಿಗಳ ಸೇವೆಯ ಕರೆಗಳಿಗೆ 1600 ಸರಣಿ ಬೇರೆ ಇದೆ. ಅದನ್ನು ಮಾರಾಟಕ್ಕೆ ಬಳಸುವಂತಿಲ್ಲ.

ನಿಯಮ ಮುರಿದರೆ? ಈಗ ಗ್ರಾಹಕರಿಗೆ ದೂರು ಕೊಡಲು 7 ದಿನ ಸಮಯ ಇದೆ, ಮೊದಲು 3 ದಿನ ಇತ್ತು. 10 ದಿನದಲ್ಲಿ 5 ದೂರು ಬಂದರೆ ಸಾಕು, ಟೆಲಿಕಾಂ ಕಂಪನಿ ಕ್ರಮಕ್ಕೆ ಇಳಿಯುತ್ತದೆ. ಮೊದಲ ಸಲ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ನಿಮ್ಮ ಹೆಸರಿನ ಎಲ್ಲ ನಂಬರ್‌ಗಳೂ ಒಂದು ವರ್ಷ ಕಡಿತ, ಜೊತೆಗೆ ಕಪ್ಪುಪಟ್ಟಿ. ದಿನಕ್ಕೆ 100 ಕಾಲ್ ಮಾಡುವ ಕಡೆ ಹತ್ತು ದಿನದಲ್ಲಿ ಐದು ಜನ ಸಿಟ್ಟಾಗುವುದು ದೊಡ್ಡ ವಿಷಯವೇ ಅಲ್ಲ. ಹದಿನೈದು ವರ್ಷದಿಂದ ಗ್ರಾಹಕರ ಬಾಯಲ್ಲಿರುವ ನಿಮ್ಮ ನಂಬರ್ ಹೋದರೆ ಅದರ ಬೆಲೆ ಎಷ್ಟು? ಮೇಲಿನ ಯಾವ ಲೆಕ್ಕದಲ್ಲೂ ಅದು ಇಲ್ಲ.

2024ರ ಆಗಸ್ಟ್‌ನಲ್ಲಿ ಟ್ರಾಯ್ ನೋಂದಣಿ ಇಲ್ಲದ ಟೆಲಿಮಾರ್ಕೆಟರ್‌ಗಳ ಸಂಪರ್ಕ ಕಡಿಯಲು ಆದೇಶ ಕೊಟ್ಟಾಗ ಕೆಲವೇ ವಾರಗಳಲ್ಲಿ 2.75 ಲಕ್ಷ ನಂಬರ್‌ಗಳು ಬಂದ್ ಆದವು. ಬರೀ ಬೆದರಿಕೆ ಅಂತ ಹೇಳುವವರಿಗೆ ಇದನ್ನು ತೋರಿಸಬಹುದು.

ಡಿಎನ್‌ಡಿ (ಪ್ರಚಾರದ ಕರೆ ಬೇಡ ಅಂದವರ) ಲಿಸ್ಟ್ ನಾನು ನೋಡಲೇಬೇಕಾ?

ನೋಡಲೇಬೇಕು. 1909ಕ್ಕೆ ಮೆಸೇಜ್ ಕಳಿಸಿ ಜನ ಯಾವ ಯಾವ ವಿಷಯದ ಕರೆ ಬೇಡ ಅಂತ ಆರಿಸುತ್ತಾರೆ. ಅದರಲ್ಲಿ ಮೊದಲ ವಿಭಾಗವೇ ಬ್ಯಾಂಕಿಂಗ್, ವಿಮೆ, ಹಣಕಾಸು, ಕ್ರೆಡಿಟ್ ಕಾರ್ಡ್. ಜನ ಯಾವುದರಿಂದ ಬೇಸತ್ತಿದ್ದಾರೆ ಅನ್ನೋದು ಅಲ್ಲೇ ತಿಳಿಯುತ್ತದೆ. 140 ಸರಣಿಯ ನೋಂದಾಯಿತ ಲೈನ್ ಇದ್ದರೆ ಈ ಲಿಸ್ಟ್ ಜರಡಿ ಹಿಡಿಯುವ ಕೆಲಸ ವ್ಯವಸ್ಥೆಯಲ್ಲೇ ಆಗುತ್ತದೆ.

140 ಕಂಡ ಕೂಡಲೇ ಯಾರೂ ಎತ್ತಲ್ಲ ಅಂತ ನೀವು ಹೇಳಬಹುದು. ನಿಜ, ಕಡಿಮೆ ಜನ ಎತ್ತುತ್ತಾರೆ. ಮೇಲೆ ಹಿಡಿದ ಹತ್ತಕ್ಕೆ ಮೂರು ಅನ್ನೋದು ಅಲ್ಲಿ ಇನ್ನೂ ಇಳಿಯಬಹುದು. ಹತ್ತಕ್ಕೆ ಒಂದೂವರೆ ಆದರೆ ಪಾಲಿಸಿ ಖರ್ಚು 17,000 ಮುಟ್ಟುತ್ತದೆ. ಕಾನೂನು ಪ್ರಕಾರ ಮಾಡಿದಾಗ ಕೋಲ್ಡ್ ಕಾಲ್‌ಗೆ (ಪರಿಚಯವೇ ಇಲ್ಲದವರಿಗೆ ಮಾಡುವ ಕರೆಗೆ) ಬೀಳುವ ನಿಜವಾದ ಬೆಲೆ ಇದು. ಕಳ್ಳದಾರಿಯಲ್ಲಿ ಅಗ್ಗವಾಗಿ ಕಂಡದ್ದನ್ನು ಇದರ ಜೊತೆ ಹೋಲಿಸಬೇಡಿ.

"ಡೇಟಾ" ಕೊಡುತ್ತೇವೆ ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ತಗೋಬಹುದಾ?

ಬೇಡ. ಕೆಲವೇ ಪೈಸೆಗೆ ಒಂದು ನಂಬರ್ ಅಂತ ಬರುವ ಎಕ್ಸೆಲ್ ಶೀಟ್ ನಿಮಗೊಬ್ಬರಿಗೇ ಬಂದಿರುವುದಿಲ್ಲ. ಅದೇ ಶೀಟ್ ಲೋನ್‌ನವರ ಹತ್ತಿರ, ಸೈಟು ಮಾರುವವರ ಹತ್ತಿರ, ಪಕ್ಕದ ಬೀದಿಯ ಏಜೆಂಟನ ಹತ್ತಿರವೂ ಇದೆ. ಆ ಲಿಸ್ಟಿನ ಜನ ನಿಮ್ಮ ಕಾಲ್ ಬರುವ ಮುಂಚೆಯೇ ಸಿಟ್ಟಾಗಿರುತ್ತಾರೆ. ಮೇಲಿನ ಐದು ದೂರು ಹುಟ್ಟುವುದು ಇಲ್ಲೇ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಇಲ್ಲದೆ ಒಬ್ಬರ ನಂಬರ್, ಹುಟ್ಟಿದ ದಿನ, ಪಾಲಿಸಿ ಮುಗಿಯುವ ತಾರೀಖು ಇಟ್ಟುಕೊಂಡು ವ್ಯಾಪಾರ ಮಾಡುವುದಕ್ಕೆ ಇನ್ನು ಜಾಗ ಇಲ್ಲ. ಕಾಯ್ದೆಯಲ್ಲಿ ದಂಡದ ಮಿತಿ 250 ಕೋಟಿವರೆಗೂ ಇದೆ. ಸಣ್ಣ ಏಜೆಂಟನಿಗೆ ಅಷ್ಟು ಹಾಕುವುದಿಲ್ಲ ಅನ್ನಿ. ಆದರೆ "ನನ್ನ ನಂಬರ್ ನಿಮಗೆ ಎಲ್ಲಿ ಸಿಕ್ಕಿತು?" ಅಂತ ಕೇಳಿದಾಗ ನೇರ ಉತ್ತರ ಇಲ್ಲದ ಟೆಲಿಕಾಲರ್ ತಡವರಿಸುತ್ತಾಳೆ, ಕಾಲ್ ಅಲ್ಲಿಗೇ ಮುಗಿಯುತ್ತದೆ.

ಸಂಬಳ ಬೇಡ, ಪಾಲಿಸಿ ಆದರೆ ಪರ್ಸೆಂಟ್ ಕೊಡುತ್ತೇನೆ ಅಂತ ಮಾಡಿಕೊಂಡರೆ ರಿಸ್ಕ್ ಇಲ್ಲ ಅಲ್ವಾ?

ದುಡ್ಡಿನ ರಿಸ್ಕ್ ಕಡಿಮೆ, ಕಾನೂನಿನ ರಿಸ್ಕ್ ಜಾಸ್ತಿ. 1938ರ ವಿಮಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ವಿಮೆ ವ್ಯವಹಾರ ತಂದುಕೊಟ್ಟದ್ದಕ್ಕೆ ಕಮಿಷನ್ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ ಪ್ರತಿಫಲ ಕೊಡಬಹುದಾದದ್ದು ಏಜೆಂಟರಿಗೆ ಅಥವಾ ಅನುಮತಿ ಪಡೆದ ಮಧ್ಯವರ್ತಿಗಳಿಗೆ ಮಾತ್ರ. ಲೈಸೆನ್ಸ್ ಇಲ್ಲದ ಟೆಲಿಕಾಲರ್‌ಗೆ ಪಾಲಿಸಿ ಲೆಕ್ಕದಲ್ಲಿ ಪಾಲು ಕೊಡುವುದು ನೇರವಾಗಿ ಈ ಗೆರೆ ದಾಟಿದಂತೆ. ವೈಯಕ್ತಿಕ ಏಜೆಂಟ್ ತನ್ನ ಕೆಳಗೆ ಸಬ್ ಏಜೆಂಟ್ ಇಟ್ಟುಕೊಳ್ಳುವ ವ್ಯವಸ್ಥೆಯೂ ಇಲ್ಲ.

ಹಾಗಾಗಿ ಸಂಬಳ ಕೊಡಿ. ಇನ್ಸೆಂಟಿವ್ ಕೊಡುವುದಾದರೆ ನಿಜವಾಗಿ ನಡೆದ ಭೇಟಿಗೆ, ಅಚ್ಚುಕಟ್ಟಾಗಿ ಬರೆದಿಟ್ಟ ಫಾಲೋ ಅಪ್‌ಗೆ ಕೊಡಿ. ಪ್ರೀಮಿಯಂಗೆ ಗಂಟು ಹಾಕಬೇಡಿ. ಕಾನೂನು ಪಕ್ಕಕ್ಕಿಡಿ, ಪ್ರೀಮಿಯಂ ಮೇಲೆ ಇನ್ಸೆಂಟಿವ್ ಇಟ್ಟ ಕಡೆಯೇ "ಐದು ವರ್ಷಕ್ಕೆ ಡಬಲ್" ತರದ ಮಾತು ಹುಟ್ಟುವುದು. ಅವರಿಗೆ ಆಸೆ ಇದ್ದರೆ ಟೆಲಿಕಾಲರ್‌ಗೇ ಪರೀಕ್ಷೆ ಕಟ್ಟಿಸಿ. ಏಜೆಂಟ್ ಆಗಿ ಅಥವಾ ಕಂಪನಿಯ ಇಲ್ಲವೇ ಬ್ರೋಕರ್‌ನ ಪಿಒಎಸ್‌ಪಿ (ಸರಳ ಪಾಲಿಸಿ ಮಾರಲು ಅನುಮತಿ ಪಡೆದವರು) ಆಗಿ ಅವರು ತಮ್ಮ ಕಾಲ ಮೇಲೆ ನಿಲ್ಲಬಹುದು. ಆಗ ನಿಮ್ಮನ್ನು ಬಿಟ್ಟು ಹೋಗುತ್ತಾರಾ? ಕೆಲವರು ಹೋಗುತ್ತಾರೆ.

ಇನ್ನು ಗ್ರಾಹಕನಿಗೆ ನಿಮ್ಮ ಕಮಿಷನ್‌ನಲ್ಲಿ ಪಾಲು, ಅಂದರೆ ರಿಬೇಟ್, 41ನೇ ಸೆಕ್ಷನ್‌ನಲ್ಲಿ ನಿಷೇಧ. ಟೆಲಿಕಾಲರ್ ಫೋನ್‌ನಲ್ಲಿ "ಮೊದಲ ಕಂತು ಸರ್ ಕಟ್ಟುತ್ತಾರೆ" ಅಂತ ಹೇಳಿದ್ದು ರೆಕಾರ್ಡ್ ಆಗಿದ್ದರೆ ಸಾಕ್ಷಿ ನೀವೇ ಕೊಟ್ಟಂತೆ.

ಟೆಲಿಕಾಲರ್ ಎಷ್ಟು ಮಾತಾಡಬಹುದು?

ಯಾರು, ಎಲ್ಲಿಂದ, ಯಾಕೆ ಕಾಲ್ ಮಾಡಿದ್ದು, ಯಾವಾಗ ಭೇಟಿ ಆಗಬಹುದು. ಅಷ್ಟೇ. ಯಾವ ಪ್ಲಾನ್ ಒಳ್ಳೆಯದು, ಎಷ್ಟು ಬರುತ್ತದೆ, ಶುಗರ್ ಇದ್ದರೆ ಕೊಡುತ್ತಾರಾ ಎಂಬಂಥ ಪ್ರಶ್ನೆಗಳಿಗೆ ಲೈಸೆನ್ಸ್ ಇರುವ ನೀವೇ ಉತ್ತರ ಕೊಡಬೇಕು. ಫೋನ್‌ನಲ್ಲೇ ಪಾಲಿಸಿ ಮಾರುವ ವ್ಯವಸ್ಥೆಗೆ ವಿಮೆ ನಿಯಂತ್ರಕ ಐಆರ್‌ಡಿಎಐ ಪ್ರತ್ಯೇಕ ನಿಯಮ ಮಾಡಿದೆ. ತರಬೇತಿ ಪಡೆದ ಜನ, ಒಪ್ಪಿಗೆ ಪಡೆದ ಸ್ಕ್ರಿಪ್ಟ್, ಕರೆಯ ರೆಕಾರ್ಡಿಂಗ್ ಎಲ್ಲ ಬೇಕು. ಅದು ಕಂಪನಿಗಳ, ಬ್ರೋಕರ್‌ಗಳ ಮಟ್ಟದ ಕೆಲಸ. ಏಜೆಂಟ್ ಕೊಡುವ ಜಾಹೀರಾತಿಗೂ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಬೇಕು. ನಿಮ್ಮ ಸ್ಕ್ರಿಪ್ಟ್ ಅನ್ನೂ ಬ್ರಾಂಚ್‌ಗೆ ಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ. ಬ್ರಾಂಚ್ ಮ್ಯಾನೇಜರ್ ಬಾಯಿಮಾತಲ್ಲಿ "ಮಾಡ್ರೀ, ಏನಾಗಲ್ಲ" ಅಂದದ್ದು ನಾಳೆ ಲೆಕ್ಕಕ್ಕೆ ಬರುವುದಿಲ್ಲ.

ಐಆರ್‌ಡಿಎಐ ಹೆಸರು ಹೇಳಿ "ನಿಮ್ಮ ಬೋನಸ್ ಬಂದಿದೆ" ಅಂತ ಮೋಸ ಮಾಡುವ ಕರೆಗಳ ಬಗ್ಗೆ ಆ ಸಂಸ್ಥೆಯೇ ಮತ್ತೆ ಮತ್ತೆ ಎಚ್ಚರಿಸಿದೆ. ಅದರಿಂದಾಗಿ "ವಿಮೆ" ಅನ್ನುವ ಪದ ಕೇಳಿದ ಕೂಡಲೇ ಜನ ಹುಷಾರಾಗುತ್ತಾರೆ. ಮೊದಲ ವಾಕ್ಯದಲ್ಲೇ ನಿಮ್ಮ ಪೂರ್ತಿ ಹೆಸರು, ಊರು, ಕಂಪನಿ ಹೇಳಿಸಿ. ಸುತ್ತಿ ಬಳಸಿ ಮಾತಾಡುವ ಸ್ಕ್ರಿಪ್ಟ್ ಈಗ ಕೆಲಸ ಮಾಡುವುದಿಲ್ಲ.

ಆಫೀಸಲ್ಲೇ ಇಡುವುದಾ, ಹೊರಗಿನ ಕಾಲ್ ಸೆಂಟರ್‌ಗೆ ಕೊಡುವುದಾ?

ಹೊರಗೆ ಕೊಟ್ಟರೆ ಜಾಗ, ರಜೆ, ತರಬೇತಿ ಯಾವ ತಲೆನೋವೂ ಇಲ್ಲ, 140 ಲೈನ್ ಕೂಡ ಅವರಲ್ಲೇ ಇರುತ್ತದೆ. ಬಿಲ್ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ದೊಡ್ಡ ಕಂಪನಿಗೆ ಅದು ಕ್ರೆಡಿಟ್ ಆಗಿ ವಾಪಸ್ ಬರಬಹುದು, ಸಾಮಾನ್ಯ ಏಜೆಂಟ್‌ಗೆ ಬರುವುದಿಲ್ಲ. 30,000 ಅಂದರೆ 35,400 ಅಂತಲೇ ಓದಿಕೊಳ್ಳಿ.

ಹಣಕ್ಕಿಂತ ನನಗೆ ಹೆಚ್ಚು ಕಾಡುವುದು ಬೇರೆ. ಅಲ್ಲಿ ಕೂತವರು ಬೆಳಿಗ್ಗೆ ನಿಮ್ಮ ಹೆಸರಲ್ಲಿ, ಮಧ್ಯಾಹ್ನ ಪರ್ಸನಲ್ ಲೋನ್ ಹೆಸರಲ್ಲಿ ಮಾತಾಡುತ್ತಿರುತ್ತಾರೆ. ಏನು ಹೇಳಿದರು ಅನ್ನೋದು ಭೇಟಿಗೆ ಹೋದಾಗಲೇ ನಿಮಗೆ ಗೊತ್ತಾಗುವುದು: "ಅವರು ಫ್ರೀ ಚೆಕಪ್ ಅಂದಿದ್ರಲ್ಲ?" ಅಂತ ಬಾಗಿಲಲ್ಲೇ ಕೇಳುತ್ತಾರೆ. ನಿಯಮ ಮುರಿದರೆ ಯಾರ ಪರವಾಗಿ ಕರೆ ಹೋಯಿತೋ ಅವರಿಗೂ ಬಿಸಿ ತಟ್ಟುತ್ತದೆ, ಕಾಲ್ ಸೆಂಟರ್‌ಗೆ ಮಾತ್ರ ಅಲ್ಲ. ಹೊರಗೆ ಕೊಡುವುದೇ ಆದರೆ ಡಿಎಲ್‌ಟಿ ನೋಂದಣಿ ಪತ್ರ ನೋಡಿ, ಎಲ್ಲ ರೆಕಾರ್ಡಿಂಗ್ ನಿಮಗೆ ಸಿಗಬೇಕು ಅಂತ ಕರಾರಿನಲ್ಲಿ ಬರೆಸಿ.

ಲೀಡ್‌ಗೆ ಇಷ್ಟು ಅಂತ ಮಾರುವವರಿಂದ ಕೊಂಡರೆ?

ಒಂದೇ ಪ್ರಶ್ನೆ ಕೇಳಿ: ಈ ಲೀಡ್ ಇನ್ನೆಷ್ಟು ಜನರಿಗೆ ಹೋಗುತ್ತದೆ? ನಾಲ್ಕೈದು ಏಜೆಂಟರಿಗೆ ಹಂಚುವ ಲೀಡ್ ಆದರೆ ಮೊದಲು ಫೋನ್ ಮಾಡಿದವನಿಗೆ ಸಿಕ್ಕಿತು, ಉಳಿದವರ ದುಡ್ಡು ಹೋಯಿತು. ನಂಬರ್ ತಪ್ಪಿದ್ದರೆ, ಆ ಮನುಷ್ಯ ವಿಚಾರಿಸಿಯೇ ಇಲ್ಲ ಅಂದರೆ ದುಡ್ಡು ವಾಪಸ್ ಕೊಡುವ ಷರತ್ತು ಇದೆಯಾ ನೋಡಿ. ಬಹಳ ಕಡೆ ಇರುವುದಿಲ್ಲ.

ಯಾವ ಹೊತ್ತಿಗೆ, ಯಾವ ಭಾಷೆಯಲ್ಲಿ?

ಖರ್ಚು ಇಳಿಸಲು ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ, ಆದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹುಬ್ಬಳ್ಳಿಯ ಅಂಗಡಿಯವರಿಗೆ ಬೆಂಗಳೂರಿನ ಇಂಗ್ಲಿಷ್ ಬೆರೆತ ಧಾಟಿಯಲ್ಲಿ ಮಾತಾಡಿದರೆ ಅರ್ಧ ನಿಮಿಷಕ್ಕೆ ಇಟ್ಟುಬಿಡುತ್ತಾರೆ. "ಏನ್ರೀ, ಆರಾಮದೀರೇನ್ರಿ" ಅಂತ ಶುರುಮಾಡುವ ಸ್ಥಳೀಯ ದನಿಗೆ ಎರಡು ನಿಮಿಷ ಸಿಗುತ್ತದೆ. ಕಲಬುರಗಿಯಲ್ಲಿ ದಖನಿ ಉರ್ದು, ಮಂಗಳೂರು ಉಡುಪಿ ಕಡೆ ತುಳು ಬರುವವರಿದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಕನ್ನಡದಲ್ಲೇ ಶುರುಮಾಡಿ, ಆ ಕಡೆಯವರು ಯಾವ ಭಾಷೆಗೆ ತಿರುಗುತ್ತಾರೋ ಅದಕ್ಕೆ ತಿರುಗಿ.

ಕಾಲದ ವಿಷಯಕ್ಕೆ ಬಂದರೆ, ಕೈಯಲ್ಲಿ ದುಡ್ಡು ಓಡಾಡುವ ತಿಂಗಳು ಊರಿಗೊಂದು. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ. ಶಿವಮೊಗ್ಗ, ದಾವಣಗೆರೆ ಕಡೆ ಅಡಿಕೆ ಮಾರಿದ ಮೇಲೆ. ಮೇ ಜೂನ್‌ನಲ್ಲಿ ಎಲ್ಲ ಕಡೆ ಸ್ಕೂಲ್ ಫೀಸ್, ಆಗ ಹೊಸ ಕಂತಿನ ಮಾತು ಯಾರಿಗೂ ಬೇಡ. ಮೊದಲೆಲ್ಲ ಮಾರ್ಚ್ ಅಂದರೆ ತೆರಿಗೆ ಉಳಿತಾಯದ ಸುಗ್ಗಿ. ಈಗ ಹೊಸ ತೆರಿಗೆ ಪದ್ಧತಿಯೇ ಡಿಫಾಲ್ಟ್, ಅದರಲ್ಲಿ 80ಸಿ, ಅಂದರೆ ವಿಮೆ ಕಂತಿಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ, ಇಲ್ಲ. ಸಂಬಳದವರಿಗೆ "ಟ್ಯಾಕ್ಸ್ ಉಳಿಯುತ್ತೆ ಸರ್" ಅನ್ನುವ ಹಳೆಯ ಸ್ಕ್ರಿಪ್ಟ್ ಓದಿಸುತ್ತಿದ್ದರೆ ಈಗಲೇ ಹರಿದು ಹಾಕಿ.

"ನಮ್ಮತ್ರ ಕಾರ್ಡ್ ಇದೆ" ಅಂದರೆ ಏನು ಹೇಳಿಸಬೇಕು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇರುವ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಂಥವರನ್ನು ಹೆದರಿಸಿ ಪಾಲಿಸಿ ಮಾರಬೇಡಿ, ಅವರು ಎರಡನೇ ವರ್ಷ ಕಟ್ಟುವುದೂ ಇಲ್ಲ. ಎಪಿಎಲ್ ಕುಟುಂಬಕ್ಕೆ ಆ ಯೋಜನೆಯಲ್ಲಿ ಖರ್ಚಿನ 30% ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತಮಗೂ 5 ಲಕ್ಷ ಸಿಗುತ್ತದೆ ಅಂದುಕೊಂಡವರು ಇವರಲ್ಲಿ ಬಹಳ. ಇಲ್ಲಿ ಮಾತಿಗೆ ನಿಜವಾದ ಜಾಗ ಇದೆ. ಟೆಲಿಕಾಲರ್ "ಯಾವ ಕಾರ್ಡ್ ಸರ್?" ಅಂತ ಒಂದು ಪ್ರಶ್ನೆ ಕೇಳಿ ಬರೆದಿಟ್ಟರೆ ನಿಮ್ಮ ಎಷ್ಟೋ ಸುಳ್ಳು ಓಡಾಟ ಉಳಿಯುತ್ತದೆ.

ಟೆಲಿಕಾಲರ್‌ಗಳು ನಿಲ್ಲುವುದೇ ಇಲ್ಲ. ಏನು ಮಾಡುವುದು?

ದಿನಕ್ಕೆ 100 ಸಲ "ಬೇಡ" ಕೇಳುವ ಕೆಲಸದಲ್ಲಿ ಯಾರು ನಿಲ್ಲುತ್ತಾರೆ ಹೇಳಿ? ಪೂರ್ತಿ ದಿನ ಕೋಲ್ಡ್ ಕಾಲ್ ಮಾಡಿಸಬೇಡಿ. ಬೆಳಿಗ್ಗೆ ಎರಡು ಗಂಟೆ ಹೊಸಬರಿಗೆ, ಉಳಿದದ್ದು ಹಳೆಯ ಗ್ರಾಹಕರಿಗೆ, ಕಾಗದಪತ್ರಕ್ಕೆ. ಮನೆಯಲ್ಲೇ ಇದ್ದು ಅರ್ಧ ದಿನ ಕೆಲಸ ಮಾಡಲು ಇಷ್ಟಪಡುವ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಆದರೆ ಅವರ ಸ್ವಂತ ನಂಬರ್‌ನಿಂದ ಕಾಲ್ ಮಾಡಿಸಬೇಡಿ. ರಾತ್ರಿ ಹನ್ನೊಂದಕ್ಕೆ ವಾಪಸ್ ಫೋನ್ ಬರುವುದು ಅವರಿಗೆ, ನಿಮಗಲ್ಲ.

ಎಐ ದನಿಯಲ್ಲಿ ಕಾಲ್ ಮಾಡಿಸಿದರೆ ಅಗ್ಗ ಅಲ್ವಾ?

ಒಂದು ಕಾಲ್‌ನ ಖರ್ಚು ಇಳಿಯುತ್ತದೆ, ದೂರುಗಳು ಏರುತ್ತವೆ. ಆಟೋ ಡಯಲರ್, ಮೊದಲೇ ರೆಕಾರ್ಡ್ ಮಾಡಿದ ಕರೆಗಳೂ ಟ್ರಾಯ್ ನಿಯಮದೊಳಗೇ ಬರುತ್ತವೆ. ಕಂತಿನ ನೆನಪು ಕೊಡಲು ಯಂತ್ರ ಸರಿ. ಹೊಸ ಮನುಷ್ಯನ ಪರಿಚಯಕ್ಕೆ ನಾನಂತೂ ಬೇಡ ಅನ್ನುತ್ತೇನೆ.

ಅಮೆರಿಕದಲ್ಲಿ ಏಜೆನ್ಸಿ ಇರುವ ನೆಂಟರು ಬೆಂಗಳೂರಿನಿಂದ ಕಾಲ್ ಮಾಡಿಸಲು ಕೇಳುತ್ತಿದ್ದಾರೆ. ಇದೇ ಲೆಕ್ಕವಾ?

ಸಂಬಳದ ಉಳಿತಾಯ ನೋಡಿ ಅವರು ಕೇಳುತ್ತಾರೆ. ಆದರೆ ಅಲ್ಲಿ ಇಂಥ ಕರೆಗಳಿಗೆಂದೇ ಇರುವ 1991ರ ಟಿಸಿಪಿಎ ಕಾನೂನಿನಡಿ ನಿಯಮ ಮುರಿದ ಒಂದೊಂದು ಕರೆಗೂ ಗ್ರಾಹಕ ಕೋರ್ಟಿನಲ್ಲಿ 500 ಡಾಲರ್ ಕೇಳಬಹುದು, ಬೇಕಂತಲೇ ಮಾಡಿದ್ದು ಅಂತ ಸಾಬೀತಾದರೆ 1,500 ಡಾಲರ್‌ವರೆಗೆ. ಅವರದೇ ಡು ನಾಟ್ ಕಾಲ್ ಪಟ್ಟಿ ಇದೆ, ಕರೆ ಎತ್ತುವವರ ಊರಿನ ಸಮಯದ ಪ್ರಕಾರ ಬೆಳಿಗ್ಗೆ 8ರಿಂದ ರಾತ್ರಿ 9ರ ಮಿತಿ ಇದೆ. 2024ರ ಫೆಬ್ರವರಿಯಲ್ಲಿ ಎಐ ದನಿಯ ಕರೆಯನ್ನೂ ಇದೇ ಕಾನೂನಿನೊಳಗೆ ತಂದರು. ನೂರು ತಪ್ಪು ಕಾಲ್‌ಗೆ 50,000 ಡಾಲರ್ ಆಗುತ್ತದೆ. ಅಲ್ಲಿನ ವಕೀಲರ ಒಪ್ಪಿಗೆ ಕಾಗದದಲ್ಲಿ ಬಂದ ಮೇಲೆ ಮುಂದಿನ ಮಾತು.

ಹಾಗಾದರೆ ಟೆಲಿಕಾಲರ್ ಇಟ್ಟುಕೊಂಡು ಯಾರಿಗೂ ಗಿಟ್ಟುವುದಿಲ್ಲವಾ?

ಗಿಟ್ಟುತ್ತದೆ. ನಿಮ್ಮ ಹಳೆಯ ಗ್ರಾಹಕರ ಪುಸ್ತಕ ದಪ್ಪ ಇದ್ದರೆ.

500 ಆರೋಗ್ಯ ಪಾಲಿಸಿ ಇರುವ ಏಜೆಂಟ್‌ಗೆ ತಿಂಗಳಿಗೆ ಸರಾಸರಿ ನಲವತ್ತು ಚಿಲ್ಲರೆ ರಿನ್ಯೂವಲ್ ಬರುತ್ತವೆ. ನೆನಪಿಸದಿದ್ದರೆ ಒಂದಷ್ಟು ಜಾರುತ್ತವೆ. ವಾರ್ಷಿಕ ಪಾಲಿಸಿಗೆ 30 ದಿನದ ಗ್ರೇಸ್ ಇದೆ, ಅದೂ ದಾಟಿದರೆ ಗ್ರಾಹಕ ಇಷ್ಟು ವರ್ಷ ಕಾದು ಮುಗಿಸಿದ ವೇಟಿಂಗ್ ಪೀರಿಯಡ್ (ಕೆಲವು ಕಾಯಿಲೆಗೆ ಕ್ಲೈಮ್ ಸಿಗದ ಆರಂಭದ ಅವಧಿ) ಮತ್ತೆ ಮೊದಲಿಂದ ಶುರು. ಟೆಲಿಕಾಲರ್ ತಿಂಗಳಿಗೆ ಒಂಬತ್ತು ಪಾಲಿಸಿ ಹೀಗೆ ಜಾರದಂತೆ ಹಿಡಿದರೆ, ತಲಾ 3,000ದಂತೆ 27,000 ಆಯಿತು. ಅವರ ಪೂರ್ತಿ ಖರ್ಚು ಅಲ್ಲೇ ಹುಟ್ಟಿತು. ಗ್ರಾಹಕನಿಗೂ ಉಪಕಾರ.

ನಿಂತುಹೋದ ಜೀವ ವಿಮೆ ಪಾಲಿಸಿಗಳೂ ಇವೆ. ಯುಲಿಪ್ (ಮಾರುಕಟ್ಟೆಗೆ ಜೋಡಿಸಿದ ಪಾಲಿಸಿ) ಬಿಟ್ಟು ಉಳಿದವನ್ನು ಮೊದಲ ಕಟ್ಟದ ಕಂತಿನಿಂದ 5 ವರ್ಷದೊಳಗೆ ರಿವೈವಲ್, ಅಂದರೆ ಮತ್ತೆ ಚಾಲು, ಮಾಡಿಸಬಹುದು. ನಿಮ್ಮ ಹಳೆಯ ಡೈರಿಯಲ್ಲಿ ಇಂಥವು ಎಷ್ಟಿವೆ ಅಂತ ಎಣಿಸಿ ನೋಡಿ, ಬೇರೆ ಡೇಟಾ ಬೇಕು ಅನ್ನಿಸುವುದಿಲ್ಲ. ಕಾಲ್ ಮುಗಿಯುವಾಗ "ನಿಮ್ಮ ಮನೆಯಲ್ಲಿ, ಪರಿಚಯದಲ್ಲಿ ಯಾರಿಗಾದರೂ ಬೇಕಿದ್ದರೆ ನಮ್ಮ ನಂಬರ್ ಕೊಡಿ" ಅಂದರೆ ಹೊಸ ಲೀಡ್ ತಾನಾಗಿ ಈ ಕಡೆಗೆ ಫೋನ್ ಮಾಡುತ್ತದೆ. ಆ ಲೀಡ್‌ಗೆ ಒಪ್ಪಿಗೆಯ ಪ್ರಶ್ನೆ ಇಲ್ಲ, ಡಿಎನ್‌ಡಿ ಪ್ರಶ್ನೆ ಇಲ್ಲ, ನಂಬಿಕೆ ಮೊದಲೇ ಬಂದಿರುತ್ತದೆ.

ಏಜೆನ್ಸಿ ಶುರುಮಾಡಿ ಒಂದು ವರ್ಷ ಆಗಿಲ್ಲ, ಐವತ್ತು ಪಾಲಿಸಿ ಇಲ್ಲ ಅನ್ನುವವರಿಗೆ ನನ್ನ ಉತ್ತರ: ಈಗ ಬೇಡ. ಆ 25,500ರಲ್ಲಿ ನೀವೇ ಓಡಾಡಿ.

ಪ್ರಯೋಗ ಮಾಡಿ ನೋಡಲು ಎಷ್ಟು ತಿಂಗಳು, ಎಷ್ಟು ದುಡ್ಡು ಇಡಬೇಕು?

ಮೂರು ತಿಂಗಳು. ಅಂದರೆ ಸುಮಾರು 76,500 ರೂಪಾಯಿ. ಅದು ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆ ಇಲ್ಲ ಅನ್ನುವಂತಿದ್ದರೆ ಮಾತ್ರ ಇಳಿಯಿರಿ, ಸಾಲ ಮಾಡಿ ಅಲ್ಲ. ಮೊದಲ ತಿಂಗಳು ರಿನ್ಯೂವಲ್ ಮತ್ತು ನಿಂತುಹೋದ ಪಾಲಿಸಿ ಮಾತ್ರ. ಎರಡನೇ ತಿಂಗಳು ತಾವಾಗಿ ವಿಚಾರಿಸಿದವರನ್ನು ಸೇರಿಸಿ. ಕೋಲ್ಡ್ ಕಾಲ್ ಮಾಡಿಸಲೇಬೇಕು ಅಂದರೆ ಮೂರನೇ ತಿಂಗಳು, ನೋಂದಾಯಿತ ಲೈನ್‌ನಲ್ಲಿ.

ಮೂರರ ಲೆಕ್ಕವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಫ್ರೀ ಲುಕ್ 30 ದಿನ ಕಳೆಯುವವರೆಗೆ ಯಾವ ಪಾಲಿಸಿಯನ್ನೂ ಎಣಿಸಬೇಡಿ. ಕೊನೆಗೆ ಕೋಲ್ಡ್ ಕಾಲ್ ಹಾಳೆಯಲ್ಲಿ ಉಳಿದ ಒಂದು ಪಾಲಿಸಿಗೆ ಬಿದ್ದ ಖರ್ಚು ಎರಡು ವರ್ಷದ ಕಮಿಷನ್‌ಗಿಂತ ಜಾಸ್ತಿ ಇದ್ದರೆ ಆ ಹಾಳೆ ಮುಚ್ಚಿ, ಟೆಲಿಕಾಲರ್‌ಗೆ ಮೊದಲೆರಡು ಹಾಳೆಯ ಕೆಲಸವನ್ನೇ ಕೊಡಿ.